ಗೇಣುದ್ದದ ಬಿಲ್ಲುಗಾರ್ತಿ

ನಮ್ಮ ಕಾಕಾ ರಿಟೈರಾದ ಮೇಲೆ ಒಬ್ಬ ಹೆಂಗಸಿಗಾಗಿ ಭಾರತ ಸರ್ಕಾರದ ಮೇಲೆ ಕಾಳಗಕ್ಕೆ ನಿಂತರು ಎಂದರೆ ನೀವು ನಂಬುವುದಿಲ್ಲ. ಆ ಹೆಂಗಸು ಜಪಾನಿನವಳು ಎಂದರೆ ಸ್ವಲ್ಪ ಹತ್ತಿರ ಸರಿದು ಕೂರುತ್ತೀರಿ. ಅವಳು ಪ್ಲಾಸ್ಟಿಕ್ಕಿನವಳು, ಗೇಣುದ್ದ ಇದ್ದಾಳೆ ಎಂದರೆ ಎದ್ದೇ ಹೋಗುತ್ತೀರಿ. ಹೋಗಬೇಡಿ, ಕೂತುಕೊಳ್ಳಿ! ಕಾಕಾ ಈ ಕಾಳಗಕ್ಕೆ ಹೊರಟಾಗಲೆಲ್ಲ ಡಬ್ಬಿ ಕಟ್ಟಿ, ನೀರಿನ ಬಾಟಲಿ ತುಂಬಿ, ಲಿಫ್ಟಿನ ತನಕ ಬಂದು ಕಳಿಸಿಕೊಡುತ್ತಿದ್ದವರು ಅವರ ಹೆಂಡತಿ, ನಮ್ಮ ಕಾಕು. ಗಂಡ ಪರಸ್ತ್ರೀಗಾಗಿ ಕಸ್ಟಮ್ಸ್ ಕಚೇರಿಗೆ ಅಲೆಯುವಾಗ ಹೆಂಡತಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟ ಉದಾಹರಣೆ ನಿಮ್ಮ ಬಳಗದಲ್ಲಿ ಇದ್ದರೆ ಹೇಳಿ, ನಾನು ಈ ಲೇಖನ ಇಲ್ಲಿಗೇ ನಿಲ್ಲಿಸುತ್ತೇನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದವರು. ಪದವಿ ಮುಗಿಸಿ ಮುಂಬಯಿಗೆ ಬಂದು ಚರ್ಚ್‌ಗೇಟಿನ ಒಂದು ವಿಮಾ ಕಚೇರಿಯಲ್ಲಿ ಕುರ್ಚಿ ಹಿಡಿದವರು ರಿಟೈರಾಗುವ ತನಕ ಅದನ್ನು ಬಿಡಲಿಲ್ಲ. ಗೋರೆಗಾಂವ್‌ನಲ್ಲಿ ರೈಲು ಹಳಿಯ ಪಕ್ಕದ ಬಿಲ್ಡಿಂಗಿನಲ್ಲಿ ಮೂರನೇ ಮಹಡಿಯ ಪುಟ್ಟ ಮನೆ. ಮಕ್ಕಳಿಲ್ಲ. ಬೇರೆಯವರ ಮನೆಯ ಹಾಲಿನಲ್ಲಿ ಟೀವಿ ಇರುವ ಜಾಗದಲ್ಲಿ ಇವರ ಮನೆಯಲ್ಲಿ ಒಂದು ಗಾಜಿನ ಕಪಾಟು ಇದೆ. ಅದರ ತುಂಬ ಹೊರದೇಶದ ಮಂದಿ! ಕತ್ತಿ ಹಿಡಿದವರು, ಕವಚ ತೊಟ್ಟವರು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡವರು, ಕುದುರೆ ಸವಾರ, ಕಪ್ಪೆ ಮೋರೆಯ ಒಬ್ಬ ಗಾಯಕ, ಹೊಟ್ಟೆಯಲ್ಲಿ ದೀಪ ಉರಿಯುವ ಒಂದು ಯಂತ್ರಮಾನವ. ಎಲ್ಲರ ಕೈ ಕಾಲು ಕತ್ತು ಕೀಲು ಕೀಲಾಗಿ ತಿರುಗುತ್ತವೆ. ತಿರುಗುತ್ತವೆ, ಆದರೆ ತಿರುಗಿಸುವಂತಿಲ್ಲ. ಡಬ್ಬಿಯಿಂದ ಯಾವ ಭಂಗಿಯಲ್ಲಿ ಹೊರಬಂದರೋ ಅದೇ ಭಂಗಿಯಲ್ಲಿ ಆಜೀವ ನಿಂತಿರಬೇಕು ಎಂಬುದು ಕಾಕಾನ ಕಾನೂನು.

ಇದು ಶುರುವಾದದ್ದು ಅವರ ಮದುವೆಯಾದ ಹೊಸತರಲ್ಲಿ. ಮುಂಬಯಿಯ ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ಹಡಗಿನವರು ಮಾರಿಹೋದ ಸಾಮಾನು ಹರವಿಕೊಂಡು ಕೂತಿದ್ದ ಒಬ್ಬನ ಬಳಿ ಕಾಕಾ ಆ ಕುದುರೆ ಸವಾರನನ್ನು ಕೊಂಡರಂತೆ. ಕಾಕು ಈಗಲೂ ಬಂದವರ ಮುಂದೆ ಹೇಳುತ್ತಾರೆ: "ಲಗ್ನ ಆಗಿ ಮೊದಲನೇ ಪಗಾರದಾಗ ಮಂದಿ ಹೆಂಡತಿಗೆ ಸೀರಿ ತರ್ತಾರ. ನಮ್ಮವರು ಕುದರಿ ಮ್ಯಾಲ ಕೂತ ರಾಕ್ಷಸನ್ನ ತಂದ್ರು ನೋಡವಾ!"

ಗೊಂಬೆ ಎಂಬ ಮಾತು ಆ ಮನೆಯಲ್ಲಿ ಆಡುವಂತಿರಲಿಲ್ಲ. 'ಫಿಗರ್' ಎನ್ನಬೇಕು, ಅಥವಾ 'ಮೂರ್ತಿ'. ಬಂದವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಬೇಕು. ಉಸಿರು ಗಾಜಿಗೆ ತಾಗಿದರೆ ಕಾಕಾ ಕಿಸೆಯಿಂದ ಕರವಸ್ತ್ರ ತೆಗೆದು ನಿಮ್ಮ ಎದುರಿಗೇ ಒರೆಸುತ್ತಾರೆ. ಮಳೆಗಾಲದಲ್ಲಿ ಮುಂಬಯಿಯ ತೇವ ಮೂರ್ತಿಗಳ ಸಂದಿಗೆ ಇಳಿಯಬಾರದಲ್ಲ? ಅದಕ್ಕಾಗಿ ಕಾಕಾ ಬೂಟಿನ ಅಂಗಡಿಗಳಿಗೆ ಹೋಗುತ್ತಾರೆ. ಬೂಟು ಕೊಳ್ಳಲು ಅಲ್ಲ ಸ್ವಾಮಿ! ಬೂಟಿನ ಡಬ್ಬಿಯೊಳಗೆ ತೇವ ಹೀರಲು ಇಟ್ಟಿರುತ್ತಾರಲ್ಲ, ತಿನ್ನಬೇಡಿ ಎಂದು ಬರೆದ ಪುಟ್ಟ ಪೊಟ್ಟಣ, ಅದನ್ನು ಬೇಡಿ ತರಲು. ಗೋರೆಗಾಂವ್ ಸ್ಟೇಷನ್ ರೋಡಿನ ಅಂಗಡಿಯವರೆಲ್ಲ ಈಗ ಕಾಕಾ ಕಾಣುತ್ತಲೇ ಒಂದು ಹಿಡಿ ಪೊಟ್ಟಣ ತೆಗೆದು ಕೊಟ್ಟು ಕೈ ಮುಗಿಯುತ್ತಾರೆ.

ಒಮ್ಮೆ ಲೋಕಲ್ಲಿನಲ್ಲಿ ಹೊಸ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದಾಗ ಎದುರಿಗಿದ್ದ ಒಬ್ಬ ಸಜ್ಜನ ನಗುಮುಖದಿಂದ, "ಪೋತೇ ಕೇ ಲಿಯೇ?" ಎಂದು ಕೇಳಿದನಂತೆ. ಮೊಮ್ಮಗನಿಗೋ ಎಂದು ಕೇಳಿದ್ದು ತಪ್ಪೇ? ಕಾಕಾ ಅಂಧೇರಿಯಲ್ಲೇ ಇಳಿದು, ಹಿಂದೆ ಬಂದ ಇನ್ನೊಂದು ಟ್ರೇನು ಹಿಡಿದು ಮನೆಗೆ ಬಂದರು. ಆ ಸಜ್ಜನನ ಜತೆ ಗೋರೆಗಾಂವ್ ತನಕ ಕೂರುವುದು ಅವರಿಂದ ಆಗಲಿಲ್ಲವಂತೆ.

ಈ ಸಿಟ್ಟಿಗೆ ಮೂಲ ನನ್ನ ಅಪ್ಪ. ಧಾರವಾಡದಲ್ಲಿ ಯಾರ ಮನೆಯ ಮದುವೆ ಮುಂಜಿ ಆದರೂ ಅಪ್ಪ ಪಂಕ್ತಿಯಲ್ಲಿ ಕೂತು, ಎಲ್ಲರಿಗೂ ಕೇಳಿಸುವ ಹಾಗೆ, "ನಮ್ಮ ತಮ್ಮಗ ಮುಂಬೈದಾಗ ಎಲ್ಲಾ ಛಲೋ ಅದ. ಇನ್ನೂ ಗೊಂಬಿ ಆಡ್ತಾನ ಅನ್ನೋದೊಂದ ಚಿಂತಿ" ಎನ್ನುತ್ತಿದ್ದರು. ಪಂಕ್ತಿಗೆ ಪಂಕ್ತಿಯೇ ನಗುತ್ತಿತ್ತು. ಕಾಕಾನೂ ನಗುತ್ತಿದ್ದರು, ಆದರೆ ಆಮೇಲೆ ಬಡಿಸಿದ ಏನನ್ನೂ ತಿನ್ನುತ್ತಿರಲಿಲ್ಲ. ಇದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ.

ಹೀಗಿರುವಾಗ ಜಪಾನಿನಿಂದ ಬಿಲ್ಲುಗಾರ್ತಿ ಹೊರಟಳು. ರಿಟೈರಾಗಿ ಒಂದೆರಡು ದೀಪಾವಳಿ ಕಳೆದ ಮೇಲೆ ಕಾಕಾ ತಮಗೆ ತಾವೇ ಕೊಟ್ಟುಕೊಂಡ, ತಡವಾದ ರಿಟೈರ್‌ಮೆಂಟ್ ಉಡುಗೊರೆ ಅದು. ಕೆಂಪು ಕವಚ, ಎತ್ತಿ ಕಟ್ಟಿದ ಕೂದಲು, ತನಗಿಂತ ಉದ್ದದ ಬಿಲ್ಲು. ಅವಳು ವಿಮಾನದಿಂದ ಇಳಿದದ್ದೇ ತಡ, ಕೊರಿಯರ್ ಕಂಪನಿಯಿಂದ ಕಾಕಾಗೆ ಸಂದೇಶ ಬಂತು. ನಿಮ್ಮ ಪಾರ್ಸೆಲ್ಲನ್ನು ಕಸ್ಟಮ್ಸಿನವರು ಆಟಿಕೆ ಎಂದು ಗುರುತಿಸಿದ್ದಾರೆ, ಇಷ್ಟು ಸುಂಕ ಕಟ್ಟಿದರೆ ಬಿಡುತ್ತಾರೆ. ಆಟಿಕೆಯ ಸುಂಕ ವಿಪರೀತ ಜಾಸ್ತಿ. ಅದೇ ಅಲಂಕಾರದ ವಸ್ತು ಎಂದು ಗುರುತಿಸಿದರೆ ಬಹಳ ಕಡಿಮೆ. ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವವಳು, ಕಾಕಾಗೆ ದುಡ್ಡಿನ ಸಂಕಟವೇನೋ ಎಂದುಕೊಂಡು ಫೋನು ಮಾಡಿದೆ.

"ರೊಕ್ಕದ್ದಲ್ಲ ತಂಗಿ!" ಎಂದು ಕಾಕಾ ಕೂಗಿದ್ದಕ್ಕೆ ನನ್ನ ಪಕ್ಕದ ಟೇಬಲ್ಲಿನವಳು ತಲೆ ಎತ್ತಿದಳು. "ರೊಕ್ಕ ಹೋದ್ರ ಹೋಗ್ತದ. ಆಟಿಗಿ ಸಾಮಾನು ಅಂತ ಬರದಾರ ನೋಡು! ಸರಕಾರಿ ಕಾಗದದ ಮ್ಯಾಲ ನನ್ನ ಹೆಸರು, ಬಾಜೂಕ ಆಟಿಗಿ ಸಾಮಾನು! ನಿಮ್ಮಪ್ಪಗ ಇದು ಗೊತ್ತಾದ್ರ ಮುಂದಿನ ಲಗ್ನದಾಗ ಮೈಕಿನ ಒಳಗ ಹೇಳ್ತಾನ. ನಾ ಬಿಡೂದಿಲ್ಲ. ಇದು ಆಟಿಗಿ ಸಾಮಾನು ಅಲ್ಲ ಅಂತ ಅದೇ ಸರಕಾರದ ಕಡಿಂದ ಬರಸ್ಕೋತೇನಿ. ಬರಸ್ಕೊಂಡು, ಫ್ರೇಮ್ ಹಾಕ್ಸಿ, ನಿಮ್ಮಪ್ಪನ ಮನಿಗೇ ಕಳಸ್ತೇನಿ."

ಅಲ್ಲಿಗೆ ವಿಷಯ ಸುಂಕದಿಂದ ಬಹಳ ಮೇಲಕ್ಕೆ ಹೋಗಿಬಿಟ್ಟಿತು.

ಕಾಕಾ ಟೊಂಕ ಕಟ್ಟಿ ನಿಂತರು. ಎಲ್ಲಿಂದಲೋ ಕಸ್ಟಮ್ಸಿನ ದಪ್ಪ ದರಪುಸ್ತಕ ತಂದರು. ಜಗತ್ತಿನ ಸಕಲ ವಸ್ತುಗಳೂ ಯಾವ ಯಾವ ಜಾತಿಗೆ ಸೇರಿದವು ಎಂದು ಅದರಲ್ಲಿ ಬರೆದಿರುತ್ತದಂತೆ. ಬೆಳಿಗ್ಗೆ ಅವಲಕ್ಕಿಯ ಜತೆ ಅದನ್ನು ಓದತೊಡಗಿದರು. ಓದಿದ್ದು ತಲೆಗೇರಿ, ಕಂಡದ್ದನ್ನೆಲ್ಲ ವರ್ಗೀಕರಿಸುವ ಖಯಾಲಿ ಹತ್ತಿಕೊಂಡಿತು. ನಾನೊಂದು ಭಾನುವಾರ ಊಟಕ್ಕೆ ಹೋದಾಗ ಕಾಕು ಬಿಸಿ ಜೋಳದ ರೊಟ್ಟಿ ಹಾಕಿದರು. ಕಾಕಾ ಅದನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದರು.

"ಧಾನ್ಯದ ಹಿಟ್ಟಿನ ತಯಾರಿಕೆ. ಬಡಿದು ಹರಡಿದ್ದು. ಒಳಗ ಹೂರಣ ಇಲ್ಲದ್ದು."

"ಹಂಗಂದ್ರ ತಿನ್ನೂದೋ, ಗೋದಾಮಿಗೆ ಕಳಸೂದೋ?" ಎಂದರು ಕಾಕು.

"ನೀ ನಗಬ್ಯಾಡ. ಪ್ರತಿಯೊಂದಕ್ಕೂ ಒಂದು ಜಾಗಾ ಇರ್ತದ. ತಪ್ಪು ಜಾಗಾದಾಗ ಇಟ್ರ ಅನ್ಯಾಯ ಆಗ್ತದ."

"ನಿಮ್ಮನ್ನ ಎಲ್ಲೆ ಇಟ್ಟಾರ ಆ ಪುಸ್ತಕದಾಗ?" ಕಾಕು ಎಣ್ಣೆಗಾಯಿ ಬಡಿಸುತ್ತ ಕೇಳಿದರು. "ಹಳೇ ಯಂತ್ರ, ಬಳಸಿದ್ದು, ಬಿಡಿಭಾಗ ಸಿಗೂದಿಲ್ಲ ಅನ್ನೋ ಕಡೆ ನೋಡ್ರಿ ಒಂದ್ಸಲ!"

ನನಗೆ ನಗು ತಡೆಯದೆ ಕೆಮ್ಮು ಬಂತು. ಕಾಕಾ ಮಾತ್ರ ನಿಜಕ್ಕೂ ಹಾಳೆ ತಿರುವಿದರು.

ಕಚೇರಿಯ ಮೊದಲ ಭೇಟಿಗೆ ಕಾಕಾ ನನ್ನನ್ನೂ ಎಳೆದುಕೊಂಡು ಹೋದರು. ವಿಮಾನ ನಿಲ್ದಾಣದ ಹಿಂದಿನ ಕಾರ್ಗೋ ಕಟ್ಟಡ ನನ್ನ ಆಫೀಸಿನಿಂದ ರಿಕ್ಷಾದ ಹಾದಿ, ತಪ್ಪಿಸಿಕೊಳ್ಳಲು ನನಗೆ ನೆಪವೇ ಸಿಗಲಿಲ್ಲ. ಅಲ್ಲಿದ್ದ ಅಧಿಕಾರಿ ಮಧ್ಯವಯಸ್ಸಿನ ಮರಾಠಿ ಹೆಂಗಸು, ಶಾಂತ ಸ್ವಭಾವದವರು. ಅವರೂ ಕಾಕಾನನ್ನು ಕಾಕಾ ಎಂದೇ ಕರೆದರು. ಮರಾಠಿಯಲ್ಲೂ ಕಾಕಾ ಕಾಕಾನೇ ಅಲ್ಲವೇ? ಅವರು ಡಬ್ಬಿ ತರಿಸಿದರು. ಒಳಗಿನಿಂದ ಬಿಲ್ಲುಗಾರ್ತಿಯನ್ನು ಎತ್ತಿ, ಎರಡು ಬೆರಳಲ್ಲಿ ಅವಳ ಬಲಗೈ ಹಿಡಿದು ಮೇಲೆ ಕೆಳಗೆ ಆಡಿಸಿದರು. ಕಾಕಾ ಕಣ್ಣು ಮುಚ್ಚಿಕೊಂಡರು.

"ಕಾಕಾ, ಇಸ್ಕಾ ಹಾಥ್ ಹಿಲ್ತಾ ಹೈ." ಕೈ ಅಲ್ಲಾಡುತ್ತದೆ, ಆದ್ದರಿಂದ ಆಟಿಕೆ ಎಂಬುದು ಅವರ ವಾದ.

"ಹಾಥ್ ತೋ ಮೇರಾ ಭೀ ಹಿಲ್ತಾ ಹೈ ಮ್ಯಾಡಮ್!" ಎಂದು ಕಾಕಾ ತಮ್ಮ ಬಲಗೈಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದರು. "ಮೈ ಖಿಲೌನಾ ಹೂಂ ಕ್ಯಾ?"

ಸಾಲಿನಲ್ಲಿ ಹಿಂದೆ ನಿಂತಿದ್ದ ಏಜೆಂಟರೆಲ್ಲ ನಕ್ಕರು. ಆ ಅಧಿಕಾರಿ ಮಾತ್ರ ನಗದೆ, ಇವರು ಆಟಿಕೆ ಹೌದೋ ಅಲ್ಲವೋ ಎಂದು ನಿರ್ಧರಿಸುವವರ ಹಾಗೆ ಕಾಕಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕುರ್ಚಿ ತೋರಿಸಿ ಕೂರಿಸಿದರು. ವಾದ ಜೋರಾಗಿ ನಡೆಯಿತು. ಡಬ್ಬಿಯ ಮೇಲೆ ದೊಡ್ಡವರಿಗೆ ಎಂದು ಬರೆದಿದೆ ಎಂದರು ಕಾಕಾ. ದೊಡ್ಡವರು ಆಡುವುದಿಲ್ಲವೇ ಎಂದರು ಅಧಿಕಾರಿ. ಒಡೆದರೆ ಮಗು ಅತ್ತರೆ ಅದು ಆಟಿಕೆ, ಇದು ಒಡೆದರೆ ನಾನು ಅಳುತ್ತೇನೆ ಎಂದರು ಕಾಕಾ. ಅದು ನಿಮ್ಮ ವಿರುದ್ಧವೇ ಹೋಗುತ್ತದಲ್ಲ ಎಂದರು ಅಧಿಕಾರಿ. ಕೊನೆಗೆ ಕಾಕಾ, ಇದು ಮೂರ್ತಿ, ಮನೆಯಲ್ಲಿ ಮೂರ್ತಿ ಇಟ್ಟ ಹಾಗೆ ಇಡುತ್ತೇನೆ ಎಂದುಬಿಟ್ಟರು. ಪೂಜೆ ಮಾಡುತ್ತೀರಾ ಎಂದು ಅವರು ಕೇಳಿದರು. ಹಠಕ್ಕೆ ಬಿದ್ದ ಕಾಕಾ, ಬೇಕಾದರೆ ಮಾಡುತ್ತೇನೆ ಎಂದರು!

ಮನೆಗೆ ಬಂದು ಇದನ್ನು ಹೇಳಿದ್ದೇ ತಪ್ಪಾಯಿತು. ಕಾಕು ಸೌಟು ಹಿಡಿದೇ ಹೊರಗೆ ಬಂದರು. "ದೇವರ ಮನಿಯೊಳಗ ಬಿಲ್ಲು ಹಿಡಕೊಂಡು ತೊಡಿ ಕಾಣೋ ಹಂಗ ನಿಂತಾಕಿನ್ನ ಇಡ್ತೀರೇನು? ಹಂಗೇನರ ಮಾಡಿದ್ರ ನಾಳಿಂದ ನೈವೇದ್ಯಾನೂ ನೀವ ಮಾಡ್ರಿ, ನಿಮಗೂ ನೀವ ಬಡಿಸ್ಕೋರಿ." ಮೂರ್ತಿಯ ವಾದ ಅಂದಿಗೆ ಮುಗಿಯಿತು.

ಅಧಿಕಾರಿ ನ್ಯಾಯವಾಗಿ ಒಂದು ಅವಕಾಶ ಕೊಟ್ಟಿದ್ದರು. ನಿಮ್ಮ ಮನೆಯಲ್ಲಿ ಇಂಥವು ಬರೀ ನೋಡಲು ಇಟ್ಟಿವೆ, ಯಾರೂ ಆಡುವುದಿಲ್ಲ ಎಂಬುದಕ್ಕೆ ಏನಾದರೂ ಇದ್ದರೆ ತನ್ನಿ, ಪರಿಶೀಲಿಸುತ್ತೇನೆ ಎಂದಿದ್ದರು. ಕಾಕಾ ಕುಣಿಯುವುದೊಂದು ಬಾಕಿ! ಏಕೆಂದರೆ ಅವರ ಬಳಿ ಫೋಟೋಗಳಿದ್ದವು. ಪ್ರತಿ ದೀಪಾವಳಿ ಪಾಡ್ಯದ ದಿನ ಕಾಕು ಗಂಡನಿಗೆ ಆರತಿ ಮಾಡುತ್ತಾರೆ. ಆರತಿ ಆದ ಮೇಲೆ ಕಾಕಾ ಹೊಸ ಶರ್ಟಿನಲ್ಲಿ ಕಪಾಟಿನ ಪಕ್ಕ ನೆಟ್ಟಗೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಕಾಕು ಆ ಫೋಟೋದಲ್ಲಿ ಇರುವುದಿಲ್ಲ, ತೆಗೆಯುವವರೇ ಅವರು. ಅಷ್ಟೂ ವರ್ಷದ ಫೋಟೋಗಳನ್ನು ಜೋಡಿಸಿಕೊಂಡು ಕಾಕಾ ಎರಡನೆಯ ಭೇಟಿಗೆ ಹೊರಟರು. ಜತೆಗೆ ನಾನು, ಜತೆಗೆ ಡಬ್ಬಿ, ಡಬ್ಬಿಯಲ್ಲಿ ಹೋಳಿಗೆ.

ಅಧಿಕಾರಿ ಫೋಟೋಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಹರಡಿದರು. ಕಾಕಾನ ಮೀಸೆ ಕಪ್ಪಿನಿಂದ ಬಿಳಿಯಾಗುತ್ತ ಹೋಗುವುದನ್ನು ನಾನು ನೋಡುತ್ತಿದ್ದೆ. ಅಧಿಕಾರಿ ಬೇರೇನನ್ನೋ ನೋಡುತ್ತಿದ್ದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಕಾಕಾ, ಯೇ ಸಬ್ ಕಿಧರ್ ದೇಖ್ ರಹೇ ಹೈಂ?"

ಇವರೆಲ್ಲ ಎತ್ತ ನೋಡುತ್ತಿದ್ದಾರೆ! ನಾವಿಬ್ಬರೂ ಬಗ್ಗಿದೆವು. ಕುದುರೆ ಸವಾರ, ಕಪ್ಪೆ ಮೋರೆಯವನು, ರೆಕ್ಕೆಯವನು, ಯಂತ್ರಮಾನವ, ಎಲ್ಲರ ಕತ್ತೂ ಬಲಕ್ಕೆ ತಿರುಗಿತ್ತು. ಒಂದು ವರ್ಷದ ಫೋಟೋದಲ್ಲಿ ಅಲ್ಲ, ವರ್ಷ ವರ್ಷವೂ. ಹೊಸದಾಗಿ ಬಂದವನು ಆ ವರ್ಷದ ಫೋಟೋದಲ್ಲಿ ನೆಟ್ಟಗೆ ಮುಂದೆ ನೋಡುತ್ತಿದ್ದರೆ ಮುಂದಿನ ದೀಪಾವಳಿಗೆ ಅವನೂ ಬಲಕ್ಕೆ! ಇನ್ನೂ ಸೋಜಿಗವೆಂದರೆ ಕಾಕಾ ರಿಟೈರಾದ ಮೇಲಿನ ಫೋಟೋಗಳಲ್ಲಿ ಎಲ್ಲರೂ ಮತ್ತೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ಗಾಜಿನ ಮೇಲಿನ ಉಸಿರಿನ ಮಂಜು ಕಾಣುವ ಕಾಕಾನ ಕಣ್ಣಿಗೆ ಇಷ್ಟು ವರ್ಷ ಒಂದು ಕತ್ತೂ ಕಂಡಿರಲಿಲ್ಲ.

"ಯಾರೋ ಆಡುತ್ತಿದ್ದಾರೆ ಕಾಕಾ" ಎಂದರು ಅಧಿಕಾರಿ ತಮ್ಮ ಹಿಂದಿಯಲ್ಲಿ, ನಗುತ್ತ. "ಮನೆಯಲ್ಲಿ ವಿಚಾರಿಸಿ. ಇವನ್ನು ಯಾರೂ ಮುಟ್ಟಿ ಆಡುವುದಿಲ್ಲ, ಕತ್ತು ತಿರುಗಿದ್ದಕ್ಕೆ ಬೇರೆ ಕಾರಣವಿದೆ ಎಂದು ನೀವು ಸಹಿ ಮಾಡಿ ಬರೆದುಕೊಟ್ಟರೆ ನಾನು ನಿಮ್ಮ ಮಾತು ನಂಬುತ್ತೇನೆ. ಅಲಂಕಾರದ ವಸ್ತು ಎಂದೇ ಬರೆದುಕೊಡುತ್ತೇನೆ."

ಗೆಲುವು ಒಂದು ಸಹಿಯಷ್ಟು ದೂರ! ಆದರೆ ಕಾಕಾಗೆ ಆ ಕ್ಷಣದಿಂದ ನಿದ್ದೆ ಹೋಯಿತು. ಕತ್ತು ತಿರುಗಿಸಿದವರು ಯಾರು?

ಕಾಕಾ ಪತ್ತೇದಾರರಾದರು. ಮೊದಲು ಅನುಮಾನ ಮನೆಗೆಲಸದ ಬಾಯಿಯ ಮೇಲೆ. ಆಕೆ, "ತುಮ್ಚ್ಯಾ ಕಪಾಟಾಲಾ ಮೀ ಘಾಬರ್‌ತೇ" ಎಂದಳು. ನಿಮ್ಮ ಕಪಾಟೆಂದರೆ ನನಗೇ ಭಯ ಎಂದಮೇಲೆ ಅವಳನ್ನು ಬಿಟ್ಟರು. ಹಾಗಾದರೆ ಯಾರು? ಕಪಾಟಿಗೆ ಬೀಗವಿದೆ, ಕೀಲಿ ಒಂದೇ, ಅದು ಇರುವ ಜಾಗ ತಮ್ಮೊಬ್ಬರಿಗೇ ಗೊತ್ತು. ಯೋಚಿಸುತ್ತ ಕೂತಿದ್ದಾಗ ಕಿಟಕಿಯಾಚೆ ವಿರಾರ್ ಫಾಸ್ಟ್ ಲೋಕಲ್ ಧಡಧಡ ಹೋಯಿತು. ಕಪಾಟಿನ ಗಾಜು ಸಣ್ಣಗೆ ನಡುಗಿತು. ಕಾಕಾ ಎದ್ದು ನಿಂತರು. ಸಿಕ್ಕಿತು!

ರೈಲಿನ ಕಂಪನ! ಇಷ್ಟು ವರ್ಷ ಇಷ್ಟು ಲೋಕಲ್ಲುಗಳು ಹಾದುಹೋಗಿ ಮೂರ್ತಿಗಳ ಕತ್ತು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗುತ್ತ ಬಂದಿವೆ ಎಂಬ ಸಿದ್ಧಾಂತ ಹುಟ್ಟಿತು. ಪರೀಕ್ಷೆಗೆಂದು ಕಪಾಟಿನ ಮೇಲೆ ಸ್ಟೀಲಿನ ಲೋಟದಲ್ಲಿ ನೀರು ಇಟ್ಟು, ಎದುರಿಗೆ ಕುರ್ಚಿ ಹಾಕಿ ಕೂತರು. ಫಾಸ್ಟ್ ಹೋದರೆ ಎಷ್ಟು ಅಲೆ, ಸ್ಲೋ ಹೋದರೆ ಎಷ್ಟು ಅಲೆ! ಕಾಕು ಕಾಫಿ ತಂದುಕೊಡುತ್ತಿದ್ದರು, ನೋಡುತ್ತಿದ್ದರು, ಏನೂ ಅನ್ನದೆ ಒಳಗೆ ಹೋಗುತ್ತಿದ್ದರು. ಆ ದಿನಗಳಲ್ಲಿ ಕಾಕು ಯಾಕೋ ಚೇಷ್ಟೆ ಮಾಡಲೇ ಇಲ್ಲ. ನಾನು ಅದನ್ನು ಗಮನಿಸಿದರೂ ಮೈಗೆ ಸರಿಯಿಲ್ಲವೇನೋ ಎಂದುಕೊಂಡೆ.

"ಕಾಕಾ, ಚರ್ಚ್‌ಗೇಟಿಗೆ ಹೋದ ಟ್ರೇನ್ ವಾಪಸ್ಸೂ ಬರ್ತದಲ್ಲ?" ಎಂದು ನಾನು ಫೋನಿನಲ್ಲಿ ಕೇಳಿದೆ. "ಹೋಗುವಾಗ ಬಲಕ್ಕೆ ತಿರುಗಿಸಿದ್ದನ್ನ ಬರುವಾಗ ಎಡಕ್ಕೆ ತಿರುಗಿಸಬೇಕಲ್ಲ?"

ಕಾಕಾ ಒಂದು ದಿನ ಪೂರ್ತಿ ನನ್ನ ಜತೆ ಮಾತು ಬಿಟ್ಟರು. ಮರುದಿನ ಅವರದೇ ಫೋನು. "ಹೋಗೋ ಹಳಿ ನಮ್ಮ ಮನೀ ಬಾಜೂಕ ಅದ. ಬರೋ ಹಳಿ ಆ ಕಡೆ ದೂರ ಅದ. ಅದಕ್ಕ ಬಲ ಗೆಲ್ತದ."

"ಮತ್ತ ನೀವು ರಿಟೈರಾದ ಮೇಲೆ ಎಲ್ಲರೂ ಹೆಂಗ ನೆಟ್ಟಗಾದರು?"

"ಹಳಿ ರಿಪೇರಿ ಆಗಿರಬೇಕು" ಎಂದರು. ಆದರೆ ಈ ಸಲ ದನಿಯಲ್ಲಿ ಅಷ್ಟು ಗಟ್ಟಿ ಇರಲಿಲ್ಲ.

ಬರೆದುಕೊಡುವ ಹೇಳಿಕೆ ಟೈಪು ಮಾಡಲು ಮುಂದಿನ ಭಾನುವಾರ ನನ್ನನ್ನು ಕರೆಸಿದರು. ನಾನು ಲ್ಯಾಪ್‌ಟಾಪ್ ತೆಗೆದು ಕೂತೆ. ಕಾಕು ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯದ ಪಲ್ಯೆ ಸೋಸುತ್ತಿದ್ದರು. ಕಾಕಾ ಅತ್ತಿಂದಿತ್ತ ಓಡಾಡುತ್ತ ಹೇಳಿಸಿದರು: ನಮ್ಮ ಮನೆಯ ಮೂರ್ತಿಗಳು ಕೇವಲ ನೋಡುವುದಕ್ಕಾಗಿ ಇವೆ, ಅವುಗಳೊಡನೆ ಯಾರೂ ಎಂದೂ ಆಡಿಲ್ಲ, ಕತ್ತು ತಿರುಗಿದ್ದು ಪಕ್ಕದ ರೈಲು ಮಾರ್ಗದ ಕಂಪನದಿಂದ. ಪ್ರಿಂಟು ತೆಗೆದುಕೊಂಡು ಬಂದದ್ದಾಯಿತು. ಕಾಕಾ ಪೆನ್ನಿನ ಟೋಪಿ ತೆಗೆದರು.

"ಸಹಿ ಮಾಡಬ್ಯಾಡ್ರಿ" ಎಂದರು ಕಾಕು.

"ಯಾಕ?"

"ಸುಳ್ಳು ಬರದು ಸಹಿ ಮಾಡಬ್ಯಾಡ್ರಿ. ಅದು ರೈಲು ಅಲ್ಲ. ನಾನು."

ಕಾಕಾಗೆ ಮೊದಲು ಬಂದ ಮಾತು, "ಕೀಲಿ?"

"ಚಸ್ಮಾದ ಹಳೇ ಡಬ್ಬಿಯೊಳಗ ಇಡ್ತೀರಿ. ಇಡೀ ಬಿಲ್ಡಿಂಗಿಗೆ ಗೊತ್ತದ." ಕಾಕು ಪಲ್ಯೆಯಿಂದ ಕಣ್ಣು ಎತ್ತಲಿಲ್ಲ. "ನಾ ಇಲ್ಲಿ ಬಂದಾಗ ನನಗ ಹಿಂದಿ ಬರ್ತಿದ್ದಿಲ್ಲ, ಮರಾಠಿ ಬರ್ತಿದ್ದಿಲ್ಲ. ಬಾಜೂಕಿನಾಕಿ ಗುಜರಾತಿ. ನೀವು ಬೆಳಗಿನ ಲೋಕಲ್ಲಿಗೆ ಹೋದ್ರಿ ಅಂದ್ರ ದೀಪಾ ಹಚ್ಚೂ ಹೊತ್ತಿನ ತನಕಾ ನನ್ನ ಬಾಯಾಗ ಒಂದು ಕನ್ನಡ ಮಾತಿಲ್ಲ. ಎಷ್ಟಂತ ಗ್ವಾಡಿ ನೋಡ್ಕೋತ ಕೂಡೂದು? ಒಂದಿನಾ ಆ ಕುದರಿ ಮ್ಯಾಲಿನವನ್ನ ಹೊರಗ ತಗದೆ. ತಗದು, 'ಏನಪಾ, ಊಟ ಆತೇನು?' ಅಂದೆ. ಆಮ್ಯಾಲ ದಿನಾ ತಗದೆ. ನೀವು ಮಂದಿ ಹೆಚ್ಚ ಮಾಡಿದಂಗ ನನಗೂ ಮಾತಿಗೆ ಮಂದಿ ಹೆಚ್ಚಾದ್ರು. ನೀವು ಒಂದೊಂದ ಹೊಸಾದು ತಂದಾಗ ನಾ ಬೈತಿದ್ದೆ ಖರೆ. ಮನಸಿನೊಳಗ ಬೈತಿದ್ದಿಲ್ಲ."

ಕಾಕಾ ಸಹಿ ಮಾಡದ ಹಾಳೆಯನ್ನು ಮೇಜಿನ ಮೇಲೆ ಇಟ್ಟು ಒಳಕೋಣೆಗೆ ಹೋದರು. ಮುಟ್ಟಿದವರ ಮೇಲೆ ಬೆಂಕಿ ಉಗುಳುವ ಮನುಷ್ಯ, ಈಗ ಏನು ಮಾಡುತ್ತಾರೋ! ಕಾಕು ಮೆಂತ್ಯದ ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ ಹಾಕುತ್ತಲೇ ಇದ್ದರು, ಆದರೆ ಕಡ್ಡಿ ಎಲೆಯ ಕಡೆಗೂ ಎಲೆ ಕಡ್ಡಿಯ ಕಡೆಗೂ ಬೀಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕಾಕಾ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಆ ಕುದರಿ ಸವಾರಂದು ಬಲಗೈ ಸಡ್ಲ ಆಗೇದ. ಅದು ನೀನ ಏನು?"

"ಹೂಂ" ಎಂದರು ಕಾಕು. "ಅವನ ಜೋಡಿ ಜಗಳ ಭಾಳ ಆಗ್ತಿತ್ತು."

ಕಾಕಾ ನಕ್ಕರು. ನಾನು ಹುಟ್ಟಿದಂದಿನಿಂದ ನೋಡಿದ ಕಾಕಾ ಹಾಗೆ ನಕ್ಕದ್ದನ್ನು ಅಂದೇ ನೋಡಿದ್ದು. ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳಲು ಕಿಸೆಯಿಂದ ಕರವಸ್ತ್ರ ತೆಗೆದರು.

ಮರುದಿನ ಅವರು ಒಬ್ಬರೇ ಕಚೇರಿಗೆ ಹೊರಟಿದ್ದರು, ನಾನೇ ಊಟದ ಬಿಡುವಿನಲ್ಲಿ ಹಿಂದೆ ಬಿದ್ದು ಹೋದೆ. ಕೊನೆ ಏನಾಗುತ್ತದೆ ಎಂದು ತಿಳಿಯದೆ ನನಗೆ ಊಟ ಸೇರುತ್ತಿತ್ತೇ? ಅಧಿಕಾರಿ ಕಾಕಾನನ್ನು ಕಂಡದ್ದೇ ಕೈ ಚಾಚಿದರು, ಹೇಳಿಕೆಗಾಗಿ. ಅವರು ತಮ್ಮ ಆದೇಶ ಆಗಲೇ ಅರ್ಧ ತಯಾರಿಟ್ಟಿದ್ದರಂತೆ. ಕಾಕಾ ಎರಡೂ ಕೈ ಖಾಲಿ ತೋರಿಸಿದರು.

"ಖಿಲೌನಾ ಹೈ ಮ್ಯಾಡಮ್. ಖಿಲೌನಾ ಲಿಖಿಯೇ."

ಆಟಿಕೆಯೆಂದೇ ಬರೆಯಿರಿ! ಅಧಿಕಾರಿ ತಬ್ಬಿಬ್ಬಾದರು. ಪಕ್ಕಾನಾ ಕಾಕಾ, ಆಮೇಲೆ ಬದಲಿಸಲಾಗುವುದಿಲ್ಲ, ಸುಂಕ ಪೂರ್ತಿ ಬೀಳುತ್ತದೆ, ಗೋದಾಮಿನ ಬಾಡಿಗೆ ಬೇರೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ಕಾಕಾ ಎಲ್ಲದಕ್ಕೂ ತಲೆ ಆಡಿಸಿದರು. ಕೊನೆಗೆ ಆಡುವವರು ಯಾರೆಂಬ ಕುತೂಹಲ ಅವರಿಗೂ ತಡೆಯಲಿಲ್ಲ.

"ಕೌನ್ ಖೇಲ್ತಾ ಹೈ, ಕಾಕಾ?"

"ಮೇರೀ ಮಿಸೆಸ್" ಎಂದರು ಕಾಕಾ. ಸಾಲಿನಲ್ಲಿದ್ದ ಏಜೆಂಟರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಎದೆ ಮುಂದೆ ಮಾಡಿ ಹೇಳಿದರು. ನನ್ನ ಅಪ್ಪ ಅಲ್ಲಿದ್ದಿದ್ದರೆ ಅವರ ಮುಂದೆಯೂ ಹಾಗೇ ಹೇಳುತ್ತಿದ್ದರು ಎಂದು ನನಗೆ ಖಾತ್ರಿಯಿದೆ. ನನಗೆ ಆಗ ಹೆಮ್ಮೆಯಾಯಿತು.

ಬಿಲ್ಲುಗಾರ್ತಿ ಸುಂಕ ತೆತ್ತು ಗೋರೆಗಾಂವ್‌ಗೆ ಬಂದದ್ದು ಒಂದು ಸಂಜೆ. ಅಂದು ನಾನು ಆಫೀಸಿನಿಂದ ನೇರ ಅಲ್ಲಿಗೇ ಹೋಗಿದ್ದೆ. ಕಾಕಾ ಡಬ್ಬಿಯನ್ನು ತಾವು ತೆರೆಯಲಿಲ್ಲ. ಕಾಕುವನ್ನು ಕರೆದು ಕುರ್ಚಿಯ ಮೇಲೆ ಕೂರಿಸಿ ಅವರ ಮಡಿಲಲ್ಲಿ ಇಟ್ಟರು.

"ತಗೀ. ಕೈ ಕಾಲು ಎಲ್ಲಾ ಹೊಳ್ಳತಾವ."

ಕಾಕು ಸೆರಗಿಗೆ ಕೈ ಒರೆಸಿಕೊಂಡು ಬಿಲ್ಲುಗಾರ್ತಿಯನ್ನು ಹೊರತೆಗೆದರು. ತಿರುವಿ ನೋಡಿದರು. ಎತ್ತಿ ಕಟ್ಟಿದ ಕೂದಲನ್ನು ಬೆರಳಿನಿಂದ ಸವರಿ, "ಛಂದ ಇದ್ದಾಳ" ಎಂದರು. ಕೈ ಎತ್ತಿಸಲಿಲ್ಲ, ಕತ್ತು ಹೊರಳಿಸಲಿಲ್ಲ. ಎದ್ದು ಹೋಗಿ ಕಪಾಟಿನಲ್ಲಿ ಬೇರೆಯವರ ಪಕ್ಕ ನೆಟ್ಟಗೆ ನಿಲ್ಲಿಸಿದರು. ಕಾಕಾಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು.

"ಒಂದ ಮಾತು ಹೇಳು" ಎಂದರು. "ಎಲ್ಲಾರ ಕತ್ತು ಬಲಕ್ಕ ಯಾಕ ಹೊರಳಿಸ್ತಿದ್ದಿ? ಎಡಕ್ಕ ಯಾಕಲ್ಲ?"

"ಬಾಗಲಾ ಆ ಕಡೆ ಅದಲ್ರೀ. ಸಂಜಿ ಆತು ಅಂದ್ರ ಎಲ್ಲಾರೂ ಕೂಡಿ ನಿಮ್ಮ ಹಾದಿ ನೋಡ್ತಿದ್ವಿ."

ನಾನು ತಿರುಗಿ ನೋಡಿದೆ. ಕಪಾಟಿನ ಎದುರು ನಿಂತರೆ ಬಲಕ್ಕೆ ಹೊರಬಾಗಿಲು. ಕಾಕಾನೂ ಅತ್ತ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು:

"ಮತ್ತ ನಾ ರಿಟೈರ್ ಆದ ಮ್ಯಾಲ ಯಾಕ ಬಿಟ್ಟಿ?"

ಕಾಕು ಕಪಾಟಿನ ಗಾಜಿನ ಬಾಗಿಲು ಮುಚ್ಚಿ ಕೀಲಿ ತಿರುಗಿಸಿದರು.

"ಬಂದ್ರಲ್ಲ ನೀವು" ಎಂದರು.